ಹನ್ನೊಂದು ಪೆಟ್ಟಿನ ಹೆಸರು

"ರೋಬಾಟ್ ವರ್ಸಸ್ ಝಾಂಬಿ! ಮುಗೀತು. ಬರ್ಕೋ!" ಎಂದು ಲಾತಿರ್ ಮೇಜು ಗುದ್ದಿದ.

ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರ್ ಒಮ್ಮೆ ಮಿಣುಕಿತು. ಮಲಾಂಗ್ ಗಾಬರಿಯಿಂದ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಮೆತ್ತಗೆ ಕಣೋ! ಇದು ಆಫ್ ಆದ್ರೆ ಮತ್ತೆ ಆನ್ ಆಗೋಕೆ ಅರ್ಧ ಗಂಟೆ ಬೇಕು. ಆಮೇಲೆ, ಪಕ್ಕದ ಟೀಮೂ ಝಾಂಬೀನೇ ಮಾಡ್ತಿದೆ. ಅದರ ಪಕ್ಕದ್ದೂ ಅದೇ."

"ಅವರ ಝಾಂಬಿಗೆ ಎರಡು ಕೈ. ನಮ್ಮದಕ್ಕೆ ನಾಲ್ಕು!"

ನೊಯೆಲಿ ಪೆನ್ಸಿಲ್ ತಿರುಗಿಸುತ್ತ ಕೂತಿದ್ದಳು. ಅವಳ ಮುಂದಿದ್ದ ಹಾಳೆಯಲ್ಲಿ 'ನಮ್ಮ ಫೈಟಿಂಗ್ ಗೇಮ್' ಎಂಬ ಮೂರು ಪದ ಬಿಟ್ಟರೆ ಬೇರೇನೂ ಇರಲಿಲ್ಲ. ಟೀಮಿನಲ್ಲಿ ಚಿತ್ರ ಬರೆಯುವ ಕೆಲಸ ಅವಳದು. ಕೋಡ್ ಬರೆಯುವವನು ಮಲಾಂಗ್. ಸೌಂಡ್ ಲಾತಿರನದು, ಆ ಕೆಲಸಕ್ಕೆ ಅವನಿಗೆ ಕಂಪ್ಯೂಟರ್ ಬೇಕಾಗಿಯೇ ಇರಲಿಲ್ಲ.

ಜಿಗಿಂಶೋರ್ ಪಟ್ಟಣದ ಆ ಶಾಲೆಯ ಗೇಮ್ ಕ್ಲಬ್ಬಿನಲ್ಲಿ ಐದು ಟೀಮುಗಳಿದ್ದವು. ತೆಂದೆಂಗ್ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು: ಸೋಮವಾರ ಪ್ರತಿ ಟೀಮೂ ತನ್ನ ಗೇಮಿನ ಐಡಿಯಾ ಬರೆದು ಕೊಡಬೇಕು. ಇನ್ನೊಬ್ಬರದರ ಹಾಗೆ ಇರಬಾರದು. ಕೊಡದಿದ್ದರೆ ಆ ಟೀಮ್ ಅಲ್ಲಿಗೇ ಮುಗಿಯಿತು. ಅದರಲ್ಲಿದ್ದವರು ಬೇರೆ ಟೀಮಿಗೆ ಸೇರಿ, ಅವರು ಹೇಳಿದ ಕೆಲಸ ಮಾಡಬೇಕು.

"ಸೋಮವಾರದಿಂದ ನಾವು ಪಕ್ಕದವರ ಝಾಂಬಿಗೆ ಹಲ್ಲು ಬರೀತಾ ಕೂರೋದೇ," ಎಂದ ಮಲಾಂಗ್.

"ನೀವಿಬ್ಬರೂ ಜೋಲಾ. ಜೋಲಾ ಜನಕ್ಕೆ ಅನ್ನ ಬಿಟ್ರೆ ಬೇರೆ ಐಡಿಯಾನೇ ಬರಲ್ಲ," ಎಂದು ಲಾತಿರ್ ನಿಟ್ಟುಸಿರು ಬಿಟ್ಟ.

"ನೀವು ಸೆರೆರ್ ಜನ ನಮ್ಮ ಆಳುಗಳು. ಯಜಮಾನರು ಯೋಚನೆ ಮಾಡ್ತಿರುವಾಗ ಆಳು ಬಾಯಿ ಮುಚ್ಕೊಂಡಿರ್ಬೇಕು," ಎಂದಳು ನೊಯೆಲಿ, ತಲೆ ಎತ್ತದೆ.

ಜೋಲಾ ಮತ್ತು ಸೆರೆರ್ ಬುಡಕಟ್ಟಿನವರು ಹೀಗೆ ಬೈದಾಡಿಕೊಂಡು ನಗುವುದು ಮುತ್ತಜ್ಜಂದಿರ ಕಾಲದಿಂದ ನಡೆದು ಬಂದದ್ದು. ಯಾರೂ ಸಿಟ್ಟಾಗುವಂತಿಲ್ಲ. ಆದರೆ ಆ ದಿನ ನೊಯೆಲಿ ನಗಲಿಲ್ಲ. ಚೀಲದಿಂದ ಅಮ್ಮನ ಹಳೆಯ ಫೋನ್ ತೆಗೆದಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಒತ್ತಿದಳು.

ಮೊದಲು ಜನರ ಗದ್ದಲ ಕೇಳಿತು. ಯಾರೋ ಬಿಕ್ಕುವ ಸದ್ದು. ಅದರ ಅಡಿಯಿಂದ, ನೆಲದೊಳಗಿಂದ ಎಂಬಂತೆ, ಒಂದು ಪೆಟ್ಟು. ಮತ್ತೆ ಎರಡು. ಕೆಲವು ಗಟ್ಟಿ, ಕೆಲವು ಮೆಲ್ಲಗೆ. ಒಟ್ಟು ಹನ್ನೊಂದು ಪೆಟ್ಟು, ಬೆಟ್ಟದಂಥವರು ಯಾರೋ ಬಾಯಿ ತೆರೆದು ಒಂದು ಮಾತು ಆಡಿದ ಹಾಗೆ.

ಐದೂ ಟೀಮುಗಳವರು ಫೋನಿನ ಕಡೆ ತಿರುಗಿದರು. ಬೋರ್ಡಿನ ಮೇಲೆ ಬರೆಯುತ್ತಿದ್ದ ತೆಂದೆಂಗ್ ಮೇಷ್ಟ್ರ ಕೈ ಅಲ್ಲೇ ನಿಂತಿತು.

"ಏನೇ ಅದು?" ಎಂದ ಲಾತಿರ್. ಅವನ ತೋಳಿನ ರೋಮವೆಲ್ಲ ನಿಮಿರಿತ್ತು.

"ನಮ್ಮಜ್ಜಿ ಹೆಸರು," ಎಂದಳು ನೊಯೆಲಿ.

ಅಜ್ಜಿ ತೀರಿಕೊಂಡು ಮೂರು ವಾರವಾಗಿತ್ತು. ಹುಡುಗಿಯಾಗಿದ್ದಾಗ ಅವಳು ಊರಿನಲ್ಲಿ ಕುಸ್ತಿ ಆಡಿದವಳು. ಆ ಊರಿನಲ್ಲಿ ಕುಸ್ತಿ ಆಡಿದ ಪ್ರತಿ ಹುಡುಗಿಗೂ ಹುಡುಗನಿಗೂ ಬೊಂಬೊಲೊಂಗಿನಲ್ಲಿ ಪೆಟ್ಟುಗಳದೇ ಒಂದು ಹೆಸರು ಇರುತ್ತದೆ. ಬೊಂಬೊಲೊಂಗ್ ಎಂದರೆ ದೋಣಿಯಷ್ಟು ಉದ್ದದ, ಒಳಗೆಲ್ಲ ಕೊರೆದು ಟೊಳ್ಳು ಮಾಡಿದ ಮರದ ದಿಮ್ಮಿ. ಕೋಲಿನಿಂದ ಹೊಡೆದರೆ ಮೂರು ಊರಿಗೆ ಕೇಳುತ್ತದೆ. ಅಜ್ಜಿಯನ್ನು ಮಣ್ಣು ಮಾಡಿದ ದಿನ, ಊರಿನಲ್ಲಿ ಅದನ್ನು ಹೊಡೆಯುವ ಅಂಪಾ ತಾತ ಅವಳ ಹೆಸರನ್ನು ಹೊಡೆದಿದ್ದ. ನೊಯೆಲಿ ಯಾರಿಗೂ ಹೇಳದೆ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು.

"ಸಿಕ್ತು!" ಎಂದು ಮಲಾಂಗ್ ಕೂಗಿದ. "ನಿಮ್ಮಜ್ಜೀನೇ ನಮ್ಮ ಫೈಟರ್. ಎದುರಾಳೀನ ಬೀಳಿಸಿದ ಕೂಡಲೇ ಈ ಸೌಂಡ್ ಬರ್ಬೇಕು. ಸ್ಪೀಕರ್ ಹರಿದು ಹೋಗ್ಬೇಕು!"

"ಅಜ್ಜಿ ಫೈಟರಾ? ಊರುಗೋಲು ಹಿಡ್ಕೊಂಡು ಬರ್ತಾಳಾ?" ಎಂದ ಲಾತಿರ್.

"ಆಗ ಅವಳಿಗೆ ಹದಿನಾಲ್ಕು ವರ್ಷ, ಪೆದ್ದ. ಒಂದು ಸಲಾನೂ ಬಿದ್ದವಳಲ್ಲ. ಅವಳೇ ಹೇಳಿದ್ದು," ಎಂದಳು ನೊಯೆಲಿ.

ಆ ಮಧ್ಯಾಹ್ನವೆಲ್ಲ ಅವರು ಅದನ್ನು ಮತ್ತೆ ಮತ್ತೆ ಹಾಕಿದರು. ಪ್ರತಿ ಸಲವೂ ಲಾತಿರ್ ಬೆಂಚಿನ ಮೇಲಿಂದ ಹಾರಿ ನೆಲಕ್ಕೆ ಬೀಳುತ್ತಿದ್ದ. ನೊಯೆಲಿ ಅಜ್ಜಿಯ ಚಿತ್ರ ಬರೆದಳು. ಸೊಂಟಕ್ಕೆ ಮಣಿಸರ, ಕಾಲಿಗೆ ಗಂಟೆ. ಪೆಟ್ಟು ಕೇಳಿದಾಗಲೆಲ್ಲ ಅಜ್ಜಿ ಈಗ ತಾನೇ ಬಂದು ಬಾಗಿಲಾಚೆ ನಿಂತಿದ್ದಾಳೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದೇ ತೊಂದರೆ. ರೆಕಾರ್ಡಿನಲ್ಲಿ ಜನ ಅಳುವುದು ಕೇಳುತ್ತಿತ್ತು.

"ಭಾನುವಾರ ಊರಿಗೇ ಹೋಗೋಣ," ಎಂದ ಮಲಾಂಗ್. "ಆ ತಾತನ ಹತ್ರ ಇನ್ನೊಂದು ಸಲ ಹೊಡೆಸಿ, ಕ್ಲೀನಾಗಿ ರೆಕಾರ್ಡ್ ಮಾಡ್ಕೊಂಡು ಬರೋಣ."

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ನೊಯೆಲಿಯ ಅಮ್ಮ ಮೂವರನ್ನೂ ಊರಿಗೆ ಕರೆದುಕೊಂಡು ಹೋದಳು. ಅವಳು ಅಜ್ಜಿಯ ಮನೆ ಗುಡಿಸಲು ಹೋದಾಗ ಮಕ್ಕಳು ಬೊಂಬೊಲೊಂಗ್ ಇಟ್ಟಿದ್ದ ಬೂರುಗದ ಮರದ ಕಡೆಗೆ ಓಡಿದರು.

ಹತ್ತಿರ ಬರುತ್ತಿದ್ದಂತೆ ಓಟ ತಾನಾಗಿ ನಡಿಗೆಯಾಯಿತು. ಆ ಮರದ ಬೇರುಗಳೇ ಮಕ್ಕಳಿಗಿಂತ ಎತ್ತರ. ಬೇರುಗಳ ನಡುವೆ ಕೋಣೆಗಳಂಥ ಜಾಗ, ಕೋಣೆಗಳಲ್ಲಿ ತಂಪು. ಮೇಲೆ ನೋಡಿದರೆ ಮರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಹುಲ್ಲಿನ ಚಪ್ಪರದ ಕೆಳಗೆ ಬೊಂಬೊಲೊಂಗ್ ಮಲಗಿತ್ತು. ಅದರ ಪಕ್ಕದಲ್ಲಿ ಅಂಪಾ ತಾತ ಬಲೆ ಹೆಣೆಯುತ್ತ ಕೂತಿದ್ದ. ಲಾತಿರ್ ಕೂಡ ದನಿ ತಗ್ಗಿಸಿ ನಮಸ್ಕಾರ ಹೇಳಿದ.

ಮೊದಲು ಕೇಳಿಸಿ ಆಮೇಲೆ ವಿಷಯ ಹೇಳೋಣ ಎಂದುಕೊಂಡು ನೊಯೆಲಿ ಫೋನ್ ಒತ್ತಿದಳು.

ಹನ್ನೊಂದು ಪೆಟ್ಟು.

ಅಂಪಾ ತಾತ ಥಟ್ಟನೆ ಎದ್ದು ನಿಂತ. ತಲೆಯ ಟೋಪಿ ತೆಗೆದ. ಆಮೇಲೆ ಊರಿನ ದಾರಿಯ ಕಡೆ ನೋಡಿದ, ಯಾರೋ ಬರಬೇಕು ಎಂಬಂತೆ. ಮಕ್ಕಳೂ ತಿರುಗಿ ನೋಡಿದರು. ದಾರಿಯಲ್ಲಿ ಬಿಸಿಲು ಬಿಟ್ಟು ಯಾರೂ ಇರಲಿಲ್ಲ.

"ನಿಲ್ಲಿಸು ಮಗಳೇ," ಎಂದ ತಾತ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಬರೀ ಸದ್ದಲ್ಲ. ಇದು ಕರೆ. ಇದನ್ನ ಹೊಡೆದ್ರೆ ನಿಮ್ಮಜ್ಜಿ ಎಲ್ಲಿದ್ರೂ ಬರ್ತಿದ್ಲು. ಗದ್ದೇಲಿದ್ರೆ ನಾಟಿ ಬಿಟ್ಟು, ಮನೇಲಿದ್ರೆ ಒಲೆ ಬಿಟ್ಟು. ಮಣ್ಣು ಮಾಡಿದ ದಿನ ಕೊನೇ ಸಲ ಹೊಡೆದೆ. ಇನ್ನು ಕರೆಯಲ್ಲ, ದೇವರ ಹತ್ರ ನೆಮ್ಮದಿಯಾಗಿ ಮಲಕ್ಕೋ ತಾಯಿ ಅಂತ ಹೇಳಿ, ಅವಳ ಹೆಸರನ್ನ ಅವಳ ಜೊತೇನೇ ಕಳಿಸಿದೆ."

ನೊಯೆಲಿ ಫೋನನ್ನು ಕೆಳಗಿಳಿಸಿದಳು.

"ಎಷ್ಟು ಸಲ ಹಾಕಿದ್ದೀ ಇದನ್ನ?"

"ಇಪ್ಪತ್ತು... ಇಲ್ಲ ತಾತ, ಇನ್ನೂ ಜಾಸ್ತಿ."

ತಾತ ಬೈಯಲಿಲ್ಲ. "ಪಾಪ. ಎಷ್ಟು ಓಡಾಡಿದಳೋ," ಎಂದ ಮೆಲ್ಲಗೆ.

ಆಮೇಲೆ ಲಾತಿರ್ ಗಂಟಲು ಸರಿಮಾಡಿಕೊಂಡ. "ತಾತ, ಕೊನೇ ಪೆಟ್ಟುಗಳನ್ನ ಕಟ್ ಮಾಡಿದ್ರೆ? ಆಗ ಅದು ಅವಳ ಹೆಸರಲ್ಲ, ಅಲ್ವಾ?"

"ನಿನ್ನ ಹೆಸರೇನಪ್ಪಾ?"

"ಲಾತಿರ್."

ತಾತ ಬಲೆಯ ಕಡೆ ತಿರುಗಿದ. ಒಂದು ಗಂಟು ಹಾಕಿದ. ಆಮೇಲೆ ಫಕ್ಕನೆ, "ಲಾ!" ಎಂದು ಕೂಗಿದ.

"ಆಂ?" ಎಂದ ಲಾತಿರ್. ಎಂದವನೇ ಬಾಯಿ ಮುಚ್ಚಿಕೊಂಡ.

ಮಲಾಂಗ್ ನೊಯೆಲಿಯ ಹತ್ತಿರ ಸರಿದು ಪಿಸುಗುಟ್ಟಿದ. "ಆ ಸೌಂಡ್ ಇಲ್ದಿದ್ರೆ ಗೇಮೇ ಇಲ್ಲ ಕಣೇ. ನಾಳೇನೇ ಸೋಮವಾರ."

ಅದು ನೊಯೆಲಿಗೂ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಅವಳಿಗೆ ಗೊತ್ತಿತ್ತು. ಗೇಮಿಗಾಗಿ ಅಲ್ಲದೆಯೂ ಅವಳು ಅದನ್ನು ಹಾಕಿಕೊಂಡಿದ್ದಳು. ಬೆಳಿಗ್ಗೆ ಎದ್ದ ಕೂಡಲೇ, ಹೊದಿಕೆಯ ಒಳಗೆ, ಫೋನನ್ನು ಕಿವಿಗೊತ್ತಿಕೊಂಡು. ಅಜ್ಜಿಯದು ಎಂದು ಅವಳ ಬಳಿ ಉಳಿದಿದ್ದುದು ಅದೊಂದೇ.

ಅಳಿಸಬೇಕೇ ಎಂದು ಫೋನ್ ಕೇಳಿತು. ಅವಳ ಹೆಬ್ಬೆರಳು ತುಸು ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಹೌದು ಎಂದು ಒತ್ತಿದಳು.

ಮೇಲೆಲ್ಲೋ ಒಂದು ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿತು. ಮಲಾಂಗ್ ಬೇರಿನ ಮೇಲೆ ಕುಸಿದು ಕೂತ. "ಝಾಂಬಿ ಹಲ್ಲು," ಎಂದ ತನ್ನಷ್ಟಕ್ಕೆ.

ನೊಯೆಲಿ ಕಣ್ಣು ಒರೆಸಿಕೊಂಡಳು. "ತಾತ, ಅಜ್ಜಿಗೆ ಆ ಹೆಸರು ಯಾವಾಗ ಸಿಕ್ತು? ಮೊದಲ ಸಲ ಗೆದ್ದ ದಿನಾನಾ?"

"ಗೆದ್ದ ದಿನ ಯಾರು ಹೆಸರು ಕೊಡ್ತಾರೆ? ಮೊದಲ ಸಲ ಬಿದ್ದ ದಿನ."

"ಅಜ್ಜಿ ಯಾವತ್ತೂ ಬಿದ್ದೇ ಇಲ್ಲ!"

"ಯಾರು ಹೇಳಿದ್ದು? ಅವಳೇ ತಾನೇ?" ತಾತ ನಕ್ಕ. ಇದ್ದ ಎರಡೇ ಹಲ್ಲು ಕಾಣಿಸಿತು. "ಧೊಪ್ಪಂತ ಬಿದ್ಲು, ಕುಂಬಳಕಾಯಿ ಬಿದ್ದ ಹಾಗೆ! ಆಗ ನಮ್ಮಪ್ಪ ಬೊಂಬೊಲೊಂಗ್ ಹೊಡೀತಿದ್ದ. ನಾನು ಇಷ್ಟುದ್ದ ಇದ್ದೆ. ಕಣ್ಣಾರೆ ನೋಡಿದ್ದೀನಿ."

"ಬಿದ್ದೋರಿಗೆ ಯಾಕೆ ಹೆಸರು?" ಎಂದ ಮಲಾಂಗ್.

"ನಿಂತಿರೋಳನ್ನ ಯಾಕಪ್ಪಾ ಕರೀಬೇಕು? ಅವಳು ನಿಂತೇ ಇದ್ದಾಳಲ್ಲ. ಬಿದ್ದೋಳು ಏಳಬೇಕು. ಏಳಬೇಕಾದೋಳು ಯಾರು ಅಂತ ಕೂಗಿ ಹೇಳಬೇಡವಾ?"

ಮಲಾಂಗ್ ಮೆಲ್ಲನೆ ಎದ್ದು ನಿಂತ. "ಎಲ್ಲಾ ಗೇಮಲ್ಲೂ ಬಿದ್ರೆ ಗೇಮ್ ಓವರ್..."

"ನಮ್ಮದರಲ್ಲಿ ಬಿದ್ದ ಮೇಲೇ ಶುರು," ಎಂದಳು ನೊಯೆಲಿ. ಅವಳಿಗೇ ಆಶ್ಚರ್ಯವಾಗುವಷ್ಟು ವೇಗವಾಗಿ ಮಾತು ಬಂತು. "ಫೈಟರ್‌ಗೆ ಮೊದಲು ಹೆಸರೇ ಇರಲ್ಲ. ಮೊದಲ ಸಲ ಬಿದ್ದಾಗ, ಆಡೋರೇ ಕೀ ಒತ್ತಿ ಪೆಟ್ಟು ಹೊಡೆದು ಹೆಸರು ಇಡಬೇಕು. ಆಮೇಲೆ ಯಾವಾಗ ಬಿದ್ರೂ ಅದೇ ಪೆಟ್ಟು ಕೇಳುತ್ತೆ. ಅದನ್ನ ಕೇಳಿ ಏಳಬೇಕು."

"ಅವರವರ ಹೆಸರು ಅವರವರೇ ಮಾಡ್ಕೋತಾರೆ," ಎಂದ ಮಲಾಂಗ್. "ಯಾರದ್ದನ್ನೂ ತಗೊಳ್ಳೋ ಹಾಗಿಲ್ಲ. ನೊಯೆಲಿ, ಇದನ್ನ ನಾನು ಕೋಡ್ ಮಾಡಬಲ್ಲೆ!"

"ಬೀಳೋ ಸೌಂಡ್ ನನ್ನದು," ಎಂದ ಲಾತಿರ್. "ಕುಂಬಳಕಾಯಿ!"

ಅಂಪಾ ತಾತನಿಗೆ ಕೀ ಎಂದರೇನು, ಕೋಡ್ ಎಂದರೇನು ತಿಳಿಯಲಿಲ್ಲ. ಆದರೆ ಅವರ ಮುಖಗಳನ್ನು ಒಂದೊಂದಾಗಿ ನೋಡಿ ಕೇಳಿದ: "ಬಿದ್ದು ಏಳೋ ಆಟ ಮಾಡ್ತೀರಾ, ಸರಿ. ನಿಮ್ಮಲ್ಲಿ ಯಾರಾದ್ರೂ ಬಿದ್ದಿದ್ದೀರಾ?"

ಲಾತಿರ್ ಮಲಾಂಗನ ಕಡೆ ನೋಡಿದ, ಮಲಾಂಗ್ ನೊಯೆಲಿಯ ಕಡೆ.

"ಮಾರ್ತಾ!" ಎಂದು ತಾತ ಕೂಗಿದ.

ಪಕ್ಕದ ಮನೆಯ ಹಿಂದಿನಿಂದ ಭತ್ತ ಕುಟ್ಟುವ ಸದ್ದು ನಿಂತಿತು. ತಾತನ ಮೊಮ್ಮಗಳು ಬಂದಳು. ನೊಯೆಲಿಯಷ್ಟೇ ಎತ್ತರ. ತೋಳು ಮಾತ್ರ ಎರಡರಷ್ಟು. ಕುಸ್ತಿಗೆ ಎಂದು ತಾತ ನೊಯೆಲಿಯ ಕಡೆ ಬೆರಳು ಮಾಡಿದ.

"ಇವಳಾ? ಪಟ್ಟಣದವಳು," ಎಂದಳು ಮಾರ್ತಾ, ಕೈಯ ತೌಡು ಕೊಡವುತ್ತ. "ಬೆಳಿಗ್ಗೆ ಅನ್ನ ತಿಂದಿದ್ದೀಯೇನೇ?"

"ತಿಂದಿದ್ದೀನಿ."

"ಸಾಲದು."

ನೊಯೆಲಿ ಚಪ್ಪಲಿ ಬಿಟ್ಟಳು. ಕೊಯ್ಲು ಮುಗಿದ ಗದ್ದೆಯ ಅಂಚಿನ ಮರಳಿನಲ್ಲಿ ಇಬ್ಬರೂ ಬಗ್ಗಿ, ಹಣೆಗೆ ಹಣೆ ಕೊಟ್ಟು ನಿಂತರು. "ಹಿಡಿಯೇ! ಕಾಲು ಹಿಡಿ!" ಎಂದು ಲಾತಿರ್ ಕಿರುಚಿದ್ದು ಕೇಳಿತು. ನೊಯೆಲಿ ಕಾಲಿಗೆ ಕೈ ಹಾಕಿದಳು. ಅಲ್ಲಿ ಕಾಲು ಇರಲಿಲ್ಲ. ಮರುಕ್ಷಣ ಅವಳ ಕಾಲೂ ನೆಲದ ಮೇಲಿರಲಿಲ್ಲ. ಬೂರುಗದ ಮರ ತಲೆಕೆಳಗಾಗಿ ಸುತ್ತಿತು.

ಧೊಪ್.

ಉಸಿರೆಲ್ಲ ಹೊರಗೆ ಹೋಯಿತು. ಕಣ್ಣ ಮುಂದೆ ಬರಿಯ ಆಕಾಶ. ಅಷ್ಟು ದೊಡ್ಡ ಆಕಾಶವನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ಆಗ ಅದು ಬಂತು. ಕಿವಿಗಲ್ಲ, ಬೆನ್ನಿಗೆ. ನೆಲದೊಳಗಿಂದ ಹೊರಟು, ಮರಳನ್ನು ದಾಟಿ, ಅವಳ ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ಮುಟ್ಟುತ್ತ ಮೇಲೆ ಬಂತು. ಒಂದು ಗಟ್ಟಿ ಪೆಟ್ಟು. ಎರಡು ಮೆಲ್ಲನೆಯವು. ಮತ್ತೆ ಎರಡು ಗಟ್ಟಿ. ಐದೇ ಪೆಟ್ಟು. ದೇವರು ಈ ಭೂಮಿಯನ್ನು ಮಾಡಿದಂದಿನಿಂದ ಇದುವರೆಗೆ ಅದನ್ನು ಯಾರೂ ಹೊಡೆದಿರಲಿಲ್ಲ, ಯಾರೂ ಕೇಳಿರಲಿಲ್ಲ.

ದೂರದ ಬಾವಿಯ ಹತ್ತಿರ ಹೆಂಗಸರು ಹಗ್ಗ ಹಿಡಿದುಕೊಂಡೇ ಇತ್ತ ತಿರುಗಿದರು. ಅಜ್ಜಿಯ ಮನೆಯ ಅಂಗಳದಲ್ಲಿ ಅಮ್ಮ ಪೊರಕೆ ಕೆಳಗಿಟ್ಟಳು. ಲಾತಿರನಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಮಾರ್ತಾ ಬಗ್ಗಿ ಕೈ ಚಾಚಿ ನಿಂತಿದ್ದಳು.

"ಎದ್ದೇಳೇ ನೊಯೆಲಿ," ಎಂದ ಮಲಾಂಗ್. "ಪೆಟ್ಟಾಯ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಪೆಟ್ಟಾಗಿರಲಿಲ್ಲ. ಅಂಪಾ ತಾತ ಎರಡನೆಯ ಸಲ ಹೊಡೆದ. ಐದು ಪೆಟ್ಟು. ಅವಳ ಕಾಲುಗಳು ಅವಳನ್ನು ಕೇಳದೆಯೇ ಮಡಚಿಕೊಂಡವು. ಅಂಗೈ ಮರಳಿಗೆ ಊರಿತು. ಇದನ್ನು ಕೇಳಿಯೂ ಮಲಗಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಾಯಿತು.

ಮೂರನೆಯ ಸಲ ಬೊಂಬೊಲೊಂಗ್ ಕರೆಯಿತು.

"ಬಂದೆ," ಎಂದು ನೊಯೆಲಿ ಎದ್ದಳು.