ಹನ್ನೆರಡರಲ್ಲಿ ಹನ್ನೊಂದು ಕಳೆದರೆ

ಡಾಕ್ಟರು ಕುರ್ಚಿಗೆ ಒದ್ದರು. ಅದು ಹೋಗಿ ಗೋಡೆಗೆ ಬಡಿಯಿತು. ಮರುಕ್ಷಣವೇ ಸ್ಟೀಲ್ ನೀರಿನ ಬಾಟಲಿ ಹಾರಿಬಂದು ಅವರ ಹುಬ್ಬು ಸೀಳಿತು.

ಎಸೆದದ್ದು ತಾನೇ ಎಂದು ಅವಳಿಗೆ ತಿಳಿದದ್ದು ರಕ್ತ ಕಂಡ ಮೇಲೆ.

"ಇನ್ನೊಂದ್ಸಲ ನನ್ ಮುಂದೆ ಕಾಲೆತ್ತಿದ್ರೆ ಹಲ್ಲು ಉದುರುತ್ತೆ!" ಎಂದಳು. ಎಡಗೈ ತಾನಾಗಿಯೇ ದವಡೆಯನ್ನು ಮುಚ್ಚಿಕೊಂಡಿತ್ತು.

ಎರಡು ವರ್ಷದ ಹಿಂದೆ ಆ ದವಡೆ ಮುರಿದವನು ಅವಳ ಗಂಡ. ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದಿದ್ದ. "ಬಾಯಿ ಬಿಟ್ರೆ ನಿಮ್ಮಮ್ಮಂಗೂ ಇದೇ ಗತಿ" ಎಂದಿದ್ದ. ಆಸ್ಪತ್ರೆಯಲ್ಲಿ ಅವಳು ಮೆಟ್ಟಿಲಿಂದ ಬಿದ್ದೆ ಎಂದಳು. ನರ್ಸ್ ಒಬ್ಬಳ ಕಿವಿಯಲ್ಲಿ ಮಾತ್ರ ನಿಜ ಉಸುರಿದಳು. ನರ್ಸ್ ಅದನ್ನು ದಾಖಲೆಯಲ್ಲಿ ಬರೆದಿಟ್ಟಳು. ಈಗ ಅಮ್ಮನ ಜೊತೆ ಬೇರೆ ಮನೆ. ಅವಳು ಬಾಯಿ ಬಿಟ್ಟಿಲ್ಲ ಎಂದು ಅವನು ನಂಬಿರುವುದರಿಂದಲೇ ಅಮ್ಮ ನೆಟ್ಟಗೆ ಓಡಾಡುತ್ತಿದ್ದಾಳೆ.

ಅವಳ ಕೆಲಸ ಈ ಬೀಗದ ಕೋಣೆಯಲ್ಲಿ. ಆಸ್ಪತ್ರೆಗಳ ದಾಖಲೆಗಳು ಹೆಸರು ಕಳಚಿಕೊಂಡು ಇಲ್ಲಿಗೆ ಬರುತ್ತವೆ. ಸಂಶೋಧಕರು ಒಳಗೆ ಕೂತು ಲೆಕ್ಕ ಹಾಕಬಹುದು. ಫೋನಿಲ್ಲ, ಪೆನ್ನಿಲ್ಲ. ಒಂದು ಪಟ್ಟಿ ಹೊರಗೆ ಹೋಗಬೇಕಾದರೆ ಮೊದಲು ಎಐ ನೋಡಬೇಕು, ಆಮೇಲೆ ಅವಳು. ಹತ್ತಕ್ಕಿಂತ ಕಡಿಮೆ ಜನರಿರುವ ಅಂಕಿ ಹೊರಬೀಳುವಂತಿಲ್ಲ, ನಾಲ್ಕೈದು ಜನರಲ್ಲಿ ಒಬ್ಬರನ್ನು ಗುರುತಿಸುವುದು ಸುಲಭ. ಎಐಗೆ ಆಫೀಸಿನವರು ಇಟ್ಟ ಹೆಸರು ಜಾಣ. ಅವಳಿಗೆ ಇಟ್ಟದ್ದು ಕತ್ತರಿ.

ಊಟದ ಹೊತ್ತು, ಕೋಣೆಯಲ್ಲಿ ಇಬ್ಬರೇ. ಡಾಕ್ಟರು ಕರ್ಚೀಫನ್ನು ಹುಬ್ಬಿಗೆ ಒತ್ತಿಕೊಂಡರು.

"ಒದ್ದದ್ದು ತಪ್ಪು. ಕ್ಷಮಿಸಿ. ಆದ್ರೆ ಜಾಣನೇ ಓಕೆ ಅಂದಿದಾನೆ, ನೀವು ಮೂರನೇ ಸಲ ತಡೀತಿದೀರಿ. ಸಂಜೆ ಹಣ ಮಂಜೂರು ಮಾಡೋ ಸಮಿತಿ ಮುಂದೆ ಇದನ್ನ ಇಡದಿದ್ರೆ ನನ್ನ ವಾರ್ಡಿಗೆ ಕೌನ್ಸೆಲರ್ ಬರಲ್ಲ. ದಿನಾ ಹೆಂಗಸರನ್ನ ಒಡೆದ ಮಡಕೆ ಥರ ತಂದು ಹಾಕ್ತಾರೆ ಮೇಡಂ. ಹೊಲಿದು ಹೊಲಿದು ಕೈ ಸೋತಿದೆ."

"ಜಾಣ ಎದುರಿಗಿರೋ ಹಾಳೆ ಮಾತ್ರ ನೋಡ್ತಾನೆ. ಹೋದ ತಿಂಗಳದ್ದನ್ನ ಪಕ್ಕಕ್ಕಿಟ್ಟು ನೋಡು ಅಂತ ಅವನಿಗೆ ಯಾರೂ ಹೇಳಿಲ್ಲ. ನೀವು ನೋಡಿ."

ಗಿರಣಿ ಹಿಂದಿನ ಬಡಾವಣೆ, ಗಂಡನೇ ಹೊಡೆದದ್ದು ಎಂದವರು: ಹೋದ ತಿಂಗಳು ಹನ್ನೆರಡು, ಇವತ್ತು ಹನ್ನೊಂದು.

"ಯಾರೋ ಒಬ್ಬಳು ತನ್ನ ದಾಖಲೆ ವಾಪಸ್ ತಗೊಂಡಿದಾಳೆ," ಎಂದಳು. "ಒಂದೊಂದೇ ಕಾಲಂ ಕಳೀತಾ ಬನ್ನಿ."

ಅವರು ಕಳೆದರು. ವಯಸ್ಸು ಮೂವತ್ತರ ಮೇಲೆ. ಎಡ ದವಡೆ. ಮೊದಲು ಮೆಟ್ಟಿಲು ಎಂದಳು, ಆಮೇಲೆ ಗಂಡ ಎಂದಳು. ಒಬ್ಬಳು ಹೆಂಗಸು ಪರದೆಯ ಮೇಲೆ ಬೆತ್ತಲೆ ನಿಂತಂತಾಯಿತು.

ಹೋದ ತಿಂಗಳ ಪಟ್ಟಿ ಸಮಿತಿಗೆ ಹೋದಾಗ ಹೆದರಿ ಅವಳೇ ಅರ್ಜಿ ಕೊಟ್ಟು ತನ್ನ ದಾಖಲೆ ತೆಗೆಸಿದ್ದಳು. ತೆಗೆಸಿದ್ದರಿಂದಲೇ ಈಗ ಬಯಲಾಗುವಂತಿತ್ತು.

"ಇದನ್ನ ಕೂತ್ಕೊಂಡು ಯಾರು ಕಳೀತಾರೆ?" ಎಂದರು ಡಾಕ್ಟರು.

"ಹೊಡೆದೋನು ಕಳೀತಾನೆ. ಅವನು ನಿಮ್ಮ ಸಮಿತೀಲೇ ಕೂತಿದಾನೆ."

ಡಾಕ್ಟರ ಮುಖ ಬಿಳಿಚಿತು. ಕೀಬೋರ್ಡ್ ಎಳೆದುಕೊಂಡು ಎಲ್ಲ ಅಂಕಿಗಳನ್ನೂ ಸುಮಾರು ಹತ್ತು, ಸುಮಾರು ಇಪ್ಪತ್ತು ಎಂದು ಬದಲಿಸಿದರು.

"ಈಗ ಕಳೆದ್ರೆ ಯಾರೂ ಸಿಗಲ್ಲ. ಸಮಿತಿಯವರು ನಕ್ಕರೆ ನಗಲಿ." ಆಮೇಲೆ ಮೆಲ್ಲಗೆ, "ಬೇರೆ ಪಟ್ಟಿಗಳಲ್ಲಿ ಆರು, ಏಳು ಅಂತ ಬಿಡ್ತಿದ್ನಲ್ಲ, ಅವೆಲ್ಲ ಬೇಕಂತಲೇ."

"ಗೊತ್ತು."

"ಗೊತ್ತಾ?"

"ಪ್ರತಿ ಮಂಗಳವಾರ ನನ್ನ ಡ್ಯೂಟಿ ದಿನಾನೇ ನಿಮಗೆ ಲೆಕ್ಕ ಮರೆತುಹೋಗುತ್ತೆ. ನಾನೇನು ದಡ್ಡಿಯಾ?"

"ಕರೆದು ಬೈತಿದ್ರಲ್ಲ, ಅದಕ್ಕೇ." ಕಿವಿ ಕೆಂಪಾಯಿತು. "ಸರಿ, ಇದನ್ನ ಪಾಸ್ ಮಾಡಿ."

"ನಾನು ಮಾಡೋ ಹಾಗಿಲ್ಲ. ಊಟಕ್ಕೆ ಹೋದ ನನ್ನ ಜೊತೆಗಾರ್ತಿ ಬರಲಿ, ಅವರು ನೋಡ್ತಾರೆ."

"ಯಾಕೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷ ಅದನ್ನೇ ಹೇಳಿಕೊಂಡು ಬದುಕಿದ್ದಳು. ಈ ಮನುಷ್ಯ ಒದ್ದ ತನ್ನ ಕಾಲಿಗೆ ತಾನೇ ನಾಚಿಕೊಂಡದ್ದನ್ನು ಈಗಷ್ಟೇ ನೋಡಿದ್ದಳು.

"ಯಾಕಂದ್ರೆ ಆ ಒಂದು ನಾನೇ."

ಡಾಕ್ಟರು ಎದ್ದರು. ಮುಷ್ಟಿ ಬಿಗಿದಿತ್ತು. "ಯಾವನು? ಹೆಸರು ಹೇಳಿ. ಅವನ ಮೂಳೆ—"

"ಕೂತ್ಕೊಳ್ಳಿ! ಹೊಡೆಯೋನು ಒಬ್ಬ ಸಾಕಾಗಿದೆ ನನಗೆ. ಅವನ ಮೇಲೆ ಕೇಸು ಹಾಕೋದು ಯಾವಾಗ ಅಂತ ನಾನು ಹೇಳ್ತೀನಿ. ಅಮ್ಮನ್ನ ಮೊದಲು ಬೇರೆ ಊರಿಗೆ ಕಳಿಸ್ಬೇಕು."

ಅವರು ಕೂತರು. ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿತು.

"ನಾನೇನು ಮಾಡ್ಲಿ?"

"ಅಲ್ಲೀವರೆಗೂ ಬಾಯಿ ಮುಚ್ಕೊಂಡಿರಿ. ಆಮೇಲೆ ಜೊತೆಗೆ ಬನ್ನಿ."

"ಬರ್ತೀನಿ. ಕೇಸು ಮುಗಿದ ಮೇಲೂ ಬರ್ಲಾ?"

ಅವಳು ಅವರ ಕೈ ಹಿಡಿದು ತನ್ನ ದವಡೆಯ ಮೇಲೆ ಇಟ್ಟುಕೊಂಡಳು. ಸಾವಿರ ಗಾಯ ಹೊಲಿದ ಬೆರಳುಗಳು ಮೂಳೆ ಕೂಡಿದ ಜಾಗವನ್ನು ಮೆಲ್ಲಗೆ ಹುಡುಕಿದವು.

"ನೋವಿದೆಯಾ?"

"ಚಳೀಲಿ ಇರುತ್ತೆ."

"ಈಗ?"

"ಕೈ ತೆಗೀಬೇಡಿ," ಎಂದಳು.