ಏಳನೇ ನಂಬರಿನ ಕೈ

ಅನುಜಾ ಸಂಕೇತನ ಕೈಗಳನ್ನೇ ನೋಡುತ್ತಾಳೆ ಎಂಬುದು ಅವನ ಗಮನಕ್ಕೆ ಬಂದದ್ದು ಆ ವಾರ.

ಅಫಜಲಪುರದ ಆ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅವನು ಸ್ಟಾಫ್ ನರ್ಸ್, ಅವಳು ಲ್ಯಾಬ್ ಟೆಕ್ನಿಷಿಯನ್. ಅವನು ಡ್ರೆಸ್ಸಿಂಗ್ ಟ್ರೇ ಹಿಡಿದು ಹೊರಟರೆ ಅವಳ ಕಣ್ಣು ಅವನ ಬೆರಳುಗಳ ಹಿಂದೆಯೇ ಬರುತ್ತಿತ್ತು. ತಿರುಗಿ ನೋಡಿದರೆ ಥಟ್ಟನೆ ತಲೆ ತಗ್ಗಿಸುತ್ತಿದ್ದಳು. ಕಿವಿಯ ಹಿಂದಿನ ಕೂದಲು ಕೆನ್ನೆಗೆ ಜಾರುತ್ತಿತ್ತು. ಅವನಿಗೆ ಅಷ್ಟೇ ಸಾಕಿತ್ತು.

ಬುಧವಾರ ಅವಳೇ ವಾರ್ಡಿಗೆ ಬಂದಳು.

"ಬ್ರದರ್, ಕೈ ಕೊಡ್ರಿ."

ಗಂಡು ನರ್ಸನ್ನು ಅಲ್ಲಿ ಎಲ್ಲರೂ ಬ್ರದರ್ ಎಂದೇ ಕರೆಯುತ್ತಾರೆ. ಅವಳ ಬಾಯಿಂದ ಬಂದಾಗ ಮಾತ್ರ ಅವನಿಗೆ ಸಂಕಟವಾಗುತ್ತಿತ್ತು.

"ಯಾಕ್ರಿ? ಭವಿಷ್ಯ ಹೇಳ್ತೀರೇನು?"

"ಸುಮ್ನಿರ್ರಿ. ಅಲುಗಾಡಿಸಬ್ಯಾಡ್ರಿ."

ಒದ್ದೆ ಹತ್ತಿಕಡ್ಡಿ ಅವನ ಅಂಗೈ ಮೇಲೆ, ಬೆರಳ ಸಂದಿಯಲ್ಲಿ, ಉಗುರಿನಂಚಿನಲ್ಲಿ ಮೆಲ್ಲಗೆ ಸರಿಯಿತು. ಅವಳು ಕಡ್ಡಿಯನ್ನು ಕೊಳವೆಗಿಳಿಸಿ, ಮೇಲೆ ಏಳು ಎಂದು ಬರೆದುಕೊಂಡು ಹೋದಳು. ಅವತ್ತು ಅವಳು ಹನ್ನೊಂದು ಜನರ ಕೈ ಹಿಡಿದಿದ್ದಳೆಂದು ಅವನಿಗೆ ಆಮೇಲೆ ತಿಳಿಯಿತು.

ಶನಿವಾರ ಡಾಕ್ಟರ್ ಮನೀಷಾ ಕರೆಸಿದರು.

"ಗಾಯ ಮಾಗದ ಮೂರೂ ಪೇಶಂಟ್‌ಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಐತಿ. ನಮ್ಮಲ್ಲಿರೋ ಯಾವ ಆಂಟಿಬಯೋಟಿಕ್‌ಗೂ ಅದು ಬಗ್ಗವಲ್ದು. ಅದೇ ನಿಮ್ಮ ಕೈಯಾಗೂ ಸಿಕ್ಕೈತಿ. ನಾ ಹೇಳೋತನಕ ವಾರ್ಡಿಗೆ ಬರಬ್ಯಾಡ್ರಿ."

"ರಿಪೋರ್ಟ್ ಯಾರು ಕೊಟ್ರು ಮೇಡಂ?"

"ಅನುಜಾ."

ಆ ಮೂವರಲ್ಲಿ ಮಟಕಿ ಊರಿನ ಕಾಶಿಬಾಯಿಯೂ ಒಬ್ಬಳು. ಹೊಟ್ಟೆಯ ಆಪರೇಷನ್ನಾಗಿ ಇಪ್ಪತ್ತು ದಿನವಾದರೂ ಹೊಲಿಗೆಯಿಂದ ಕೀವು ನಿಂತಿರಲಿಲ್ಲ, ಜ್ವರ ಬಿಟ್ಟಿರಲಿಲ್ಲ. ದಿನವೂ ಅವಳ ಡ್ರೆಸ್ಸಿಂಗ್ ಮಾಡುತ್ತಿದ್ದವನು ಅವನೇ.

ಅವನು ನೇರವಾಗಿ ಲ್ಯಾಬಿಗೆ ಹೋದ.

"ನನಗ ಮೊದಲು ಹೇಳಬೇಕಂತ ಅನಿಸಲಿಲ್ಲೇನ್ರಿ?"

"ಅನಿಸ್ತು." ಅವಳ ಕಣ್ಣು ಕೆಂಪಾಗಿತ್ತು. "ನಿಮ್ಮ ಮುಖ ನೋಡಿದ್ರ ರಿಪೋರ್ಟ್ ಹರದ್ಬಿಡ್ತಿದ್ದೆ. ಅದಕ್ಕ ಮೊದಲು ಮೇಡಂಗ ಕೊಟ್ಟು ಬಂದೆ."

"ಮತ್ತ ನನ್ನ ಕೈ ನೋಡ್ತಿದ್ರಲ್ಲ, ಅದೆಲ್ಲ ಬರೇ ಸಂಶಯಾನ?"

"ಈ ವಾರದ್ದು ಸಂಶಯ." ಅವಳು ತಲೆ ಎತ್ತಿದಳು. "ಅದರ ಹಿಂದಿನ ಆರು ತಿಂಗಳದ್ದು ಅಲ್ಲ. ಆಗ ನೀವು ನನ್ನ ಕಡಿ ನೋಡಲೇ ಇಲ್ಲ."

ಸಿಟ್ಟು ಮಾಡಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ. "ಕಾಶಿಬಾಯಿಗೆ ನಾನೇ ಹೇಳ್ತೇನಿ," ಎಂದ.

ಡಾಕ್ಟರರ ಅನುಮತಿ ಪಡೆದು, ಕಾಶಿಬಾಯಿಯ ಮಂಚದಿಂದ ದೂರ ನಿಂತೇ ಎಲ್ಲವನ್ನೂ ಹೇಳಿದ.

"ಕೈ ತೊಳೀತಿರಲಿಲ್ಲೇನು ತಮ್ಮಾ?" ಕಾಶಿಬಾಯಿ ಕೇಳಿದಳು.

"ತೊಳೀತಿದ್ದೆ ಅಕ್ಕ. ಅವಸರದಾಗ ಒಂದೊಂದ್ಸಲ ಬಿಟ್ಟಿದ್ದೆ."

ಅವಳು ಗೋಡೆಯತ್ತ ಮುಖ ತಿರುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಅನುಜಾ ಅವನೊಡನೆ ಗೇಟಿನವರೆಗೆ ನಡೆದಳು.

ಅಂದೇ ಕಾಶಿಬಾಯಿಯನ್ನು ಕಲಬುರಗಿಗೆ ಕಳಿಸಿದರು. ಅಲ್ಲಿ ಕೊಟ್ಟ, ಉಳಿದಿದ್ದ ಒಂದೇ ಒಂದು ಔಷಧಿ ಹನ್ನೊಂದನೇ ದಿನಕ್ಕೆ ನಾಟಿತು, ಜ್ವರ ಇಳಿಯಿತು. ಈ ನಡುವೆ ಡ್ರೆಸ್ಸಿಂಗ್ ರೂಮಿನ ಸಿಂಕಿನಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸಿಂಕಿನಿಂದ ಅವನ ಕೈಗೆ ಬಂತೋ, ಅವನ ಕೈಯಿಂದ ಸಿಂಕಿಗೆ ಹೋಯಿತೋ, ಯಾರಿಗೂ ಹೇಳಲಾಗಲಿಲ್ಲ. ಸಿಂಕ್ ಕಿತ್ತು ಹೊಸದು ಕೂರಿಸಿದರು. ಎರಡು ಸಲ ರಿಪೋರ್ಟ್ ಶುದ್ಧ ಬಂದ ಮೇಲೆ ಸಂಕೇತ ವಾರ್ಡಿಗೆ ಮರಳಿದ.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅನುಜಾ ಕಾಯುತ್ತಿದ್ದಳು.

"ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಪೂರಾ ಹೋಗಿಲ್ರಿ," ಎಂದ ಅವನು.

"ಇರ್ಲಿ. ಸಿಟ್ಟು ಇಟ್ಕೊಂಡೇ ಐತವಾರ ನಮ್ಮೂರು ಸರಸಂಬಾಕ್ಕ, ನಮ್ಮನಿಗೆ ಬರ್ರಿ. ಅಪ್ಪಗ ಹೇಳೇನಿ."

"ಏನಂತ?"

"ಲಗ್ನ ಆದ್ರ ಇವರನ್ನೇ ಅಂತ."

"ನನ್ನ ಕೇಳಲೇ ಇಲ್ಲಲ್ರಿ?"

"ಈಗ ಕೇಳಾಕತ್ತೇನಿ."

ಅವಳ ಬಸ್ಸು ಹಾರ್ನ್ ಹಾಕಿತು. ಅವಳು ಕದಲಲಿಲ್ಲ.

"ಹೂಂ ಅಂದಾನಂತ ಹೇಳ್ರಿ ನಿಮ್ಮಪ್ಪಗ," ಎಂದ ಸಂಕೇತ.