ದುಲ್ಮಾಳ ಒಂಟೆ ಹಾಡು

"ಮಗೂನ ಕರ್ಕೊಂಡು ಗುಡ್ಡದ ಆಚೆ ಹೋಗಮ್ಮ," ಎಂದಳು ಮುದುಕಿ ದುಲ್ಮಾ. "ಮಕ್ಕಳಿರೋ ಹೆಂಗಸರು ಈ ಹಾಡು ಕೇಳಬಾರದು."

ಖುಲಾನ್ ನಕ್ಕುಬಿಟ್ಟಳು. ಉಲಾನ್‌ಬಾತರಿನಿಂದ ಮೂರು ದಿನ ಜೀಪಿನಲ್ಲಿ ಮೈ ನುಗ್ಗಾಗಿಸಿಕೊಂಡು ಅವಳು ಗೋಬಿ ಮರುಭೂಮಿಗೆ ಬಂದಿದ್ದೇ ಈ ಹಾಡಿಗಾಗಿ. ಡೇರೆಯ ಹೊದಿಕೆ ಗಾಳಿಗೆ ಬಡಿದುಕೊಳ್ಳುವುದು, ಸಗಣಿ ಬೆಂಕಿಯ ಚಟಪಟ, ಬಕೆಟ್ಟಿಗೆ ಹಾಲು ಬೀಳುವ ಸದ್ದು ಎಲ್ಲ ರೇಡಿಯೋಗೆಂದು ಮುದ್ರಿಸಿಕೊಂಡಾಗಿತ್ತು. ಮರಿಯನ್ನು ಒದ್ದೋಡಿಸುವ ತಾಯಿ ಒಂಟೆಯನ್ನು ಒಲಿಸುವ ಈ ಹಾಡೊಂದೇ ಬಾಕಿ.

"ಅಜ್ಜಿ, ರೇಡಿಯೋದಲ್ಲಿ ಬಂದ್ರೆ ದೇಶದ ತಾಯಂದಿರೆಲ್ಲ ಕೇಳ್ತಾರೆ. ಅವರನ್ನೆಲ್ಲ ಯಾವ ಗುಡ್ಡದ ಆಚೆ ಕಳಿಸ್ತೀರಿ?"

ದುಲ್ಮಾ ನಗಲಿಲ್ಲ. "ಹಾಡು ತಾಯ್ತನ ಹುಟ್ಟಿಸಲ್ಲ ಕಣೆ. ಒಬ್ಬಳಿಂದ ಕಿತ್ತು ಇನ್ನೊಬ್ಬಳಿಗೆ ಕೊಡುತ್ತೆ. ನನಗೂ ಮೂರು ಜನ ಗಂಡುಮಕ್ಕಳಿದ್ರಂತೆ. ಪಕ್ಕದ ಡೇರೆಯವರು ಹೇಳ್ತಾರೆ. ಎದೆಯ ತಳದಲ್ಲಿ ಇನ್ನೊಂಚೂರು ಉಳಿದಿದೆ, ಈ ಒಂಟೆಗೆ ಸಾಕು."

ಖುಲಾನ್ ಗುಡ್ಡದತ್ತ ಹೊರಟಂತೆ ಮಾಡಿ, ಹಿಂದಿನಿಂದ ಸುತ್ತಿ ಬಂದು ಡೇರೆಯೊಳಗೆ ಕೂತಳು. ಒಂಟೆಯ ಬಳಿ ನೆಟ್ಟಿದ್ದ ಮೈಕಿನ ತಂತಿ ಅಲ್ಲಿಯವರೆಗೂ ಬಂದಿತ್ತು. ನಾಲ್ಕು ವರ್ಷದ ಮಗಳು ಸಾರ್ನೈ ತೊಡೆಗೆ ಒರಗಿ ಒಣಮೊಸರಿನ ತುಂಡು ಚೀಪುತ್ತಿದ್ದಳು. ಖುಲಾನ್ ಹೆಡ್‌ಫೋನ್ ಹಾಕಿಕೊಂಡಳು.

ಮೊದಲು ಗಾಳಿ. ಆಮೇಲೆ ಮುದುಕಿಯ ದನಿ. ಒಂದೇ ಮಾತು, ಮತ್ತೆ ಮತ್ತೆ. ಖೂಸ್, ಖೂಸ್. ಹಸಿ ಹಾಲಿನ ವಾಸನೆ, ಒಂಟೆಯ ಉಣ್ಣೆಯ ಕಮಟು ಡೇರೆ ತುಂಬಿತು. ಕಣ್ಣು ಕತ್ತಲಿಟ್ಟಿತು. ದನಿ ಕಿವಿ ದಾಟಿತು. ಎದೆಗೆ ಇಳಿಯಿತು. ಏನನ್ನೋ ತಡಕಿತು. ಸಿಕ್ಕಿತು. ಎಳೆಯಿತು. ಹೆಡ್‌ಫೋನ್ ಕೀಳಬೇಕು. ಕೈ ಏಳಲಿಲ್ಲ. ಮಗಳ ಹೆಸರಾದರೂ ಹಿಡಿದುಕೊಳ್ಳಬೇಕು. ಸಾರ್... ಸಾ...

ಹೊರಗೆ ಒಂಟೆಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅದು ಮರಿಯನ್ನು ಮೂಸಿ, ನಿಂತು ಹಾಲೂಡಿಸಿತು. ಇಷ್ಟು ಬೇಗ ಒಲಿದ ಒಂಟೆಯನ್ನು ದುಲ್ಮಾ ಕಂಡೇ ಇರಲಿಲ್ಲ. ಮರಳಿನಲ್ಲಿ ಡೇರೆಯತ್ತ ಹೋಗಿದ್ದ ತಂತಿ ಕಣ್ಣಿಗೆ ಬಿತ್ತು. ಡೇರೆಗೆ ಓಡಿದಳು.

ಖುಲಾನ್ ಪುಟ್ಟ ಕೈಗಳನ್ನು ತನ್ನ ತೊಡೆಯಿಂದ ಬಿಡಿಸುತ್ತಿದ್ದಳು. "ಅಜ್ಜಿ, ಇದು ಯಾರ ಮಗು?"

"ಅಮ್ಮಾ!" ಸಾರ್ನೈ ಚೀರಿದಳು.

ದುಲ್ಮಾ ಮಗುವನ್ನು ಖುಲಾನಳ ಮಡಿಲಿಗೆ ಒತ್ತಿ ಹಿಡಿದು ಹಾಡಿದಳು. ಗಂಟಲು ಹರಿಯುವಂತೆ ಹಾಡಿದಳು. ಕೊಡಲು ಅವಳ ಬಳಿ ಏನೂ ಇರಲಿಲ್ಲ. ತಳದಲ್ಲಿದ್ದ ಕೊನೆಯ ಹನಿಯೂ ಈಗಷ್ಟೇ ಒಂಟೆಗೆ ಹೋಗಿತ್ತು.

ಮಗು ಬಿಕ್ಕಿ ಬಿಕ್ಕಿ ಅತ್ತಿತು. ಖುಲಾನ್ ತಲೆ ವಾಲಿಸಿ ಆಲಿಸಿದಳು. ಹೊರಗಿನಿಂದ ಮೈಕು ತಂದು ಅದರ ಬಾಯಿಯ ಹತ್ತಿರ ಹಿಡಿದಳು.

"ಸದ್ದು ಚೆನ್ನಾಗಿದೆ," ಎಂದಳು. "ಇನ್ನೊಂಚೂರು ಅಳಲಿ ಬಿಡಿ, ಅಜ್ಜಿ."